ಒಂದು ಮಾತೂ ಹೊರಬಾರದ ಡೇರೆ

“ಅವ್ವಾ, ಒಬ್ಬ ಮನುಷ್ಯನಲ್ಲಿ ಒಂದು ಕೊರತೆ ಇದೆ. ಹತ್ತು ವರ್ಷದಿಂದ ಅದನ್ನು ಮುಚ್ಚಿಟ್ಟುಕೊಂಡು ಬಂದಿದ್ದಾನೆ. ಅದು ಬಯಲಾದ ದಿನ ಅವನ ಗತಿ ಏನು?”

ಹೀಗೆ ಕೇಳಿದವನು ಅಡಿವಯ್ಯ. ಗುರುಲಿಂಗವ್ವನವರ ಮಠದಲ್ಲಿ ದಿನವೂ ಸಂಜೆ ಪುರಾಣ ಓದುವವನು ಅವನೇ. ಆ ದಿನ ಕೊನೆಯ ಅಧ್ಯಾಯ ಓದಿ ಮುಗಿಸಿದ್ದ. ಹೊತ್ತಗೆಯನ್ನು ಕೆಂಪು ವಸ್ತ್ರದಲ್ಲಿ ಸುತ್ತುತ್ತಾ ಕೇಳಿದ. ಪುರಾಣಕ್ಕೆ ಬಂದ ಜನ ಇನ್ನೂ ಎದ್ದಿರಲಿಲ್ಲ. ಅವ್ವ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು.

“ಯಾರ ಸುದ್ದಿಯೋ ಇದು?”

“ನಮ್ಮ ಕಡೆಯವನು ಒಬ್ಬ.”

“ಹೆಸರು?”

“ಹೆಸರು ಬೇಡ ಅವ್ವ.”

“ಹೆಸರು ಹೇಳದೆ ಸುದ್ದಿ ತಂದರೆ ನನಗೇನು ಸುಖ ಅದರಲ್ಲಿ? ಹೋಗಲಿ ಬಿಡು. ನಾನೂ ಹೆಸರಿಲ್ಲದೆಯೇ ಒಂದು ಹೇಳುತ್ತೇನೆ. ಕೂತು ಕೇಳು.”

ಅವ್ವ ಹೇಳಿದರು:

ಒಂದು ಊರಿನಲ್ಲಿ ಒಬ್ಬ ಕಂಚುಗಾರ ಇದ್ದ. ಹಾಡುವವರಿಗೆ ತಾಳ ಮಾಡಿಕೊಡುವುದು ಅವನ ಕೆಲಸ. ಒಂದು ಜೊತೆ ತಾಳ ಎಂದರೆ ಎರಡು ಬಟ್ಟಲು. ಒಂದರ ನಾದ ಇನ್ನೊಂದರ ನಾದಕ್ಕೆ ಕೂಡಬೇಕು. ಅವನು ಕೂಡಿಸಿದ ತಾಳ ಎಂದೂ ಬೇರೆಯಾಗುತ್ತಿರಲಿಲ್ಲ. ಗಂಡ ಹೆಂಡತಿ ಬೇರೆಯಾದಾರು, ಅವನ ತಾಳ ಬೇರೆಯಾಗದು ಎಂದು ಜನ ಆಡಿಕೊಳ್ಳುತ್ತಿದ್ದರು. ಅವನ ಕಿವಿಗೆ ಸುತ್ತ ಏಳೂರಿನಲ್ಲಿ ಹೆಸರಿತ್ತು.

ಆ ಸೀಮೆಯಲ್ಲಿ ಬೇಸಿಗೆಗೆ ಹೊಳೆ ಬತ್ತಿದ ಮೇಲೆ ಹೊಳೆಯ ಮರಳಿನ ಮೇಲೆಯೇ ಐದು ದಿನ ಸಂಗೀತದ ಉತ್ಸವ ನಡೆಯುತ್ತಿತ್ತು. ಬೆಳಗ್ಗೆ ಒಂದು ಕೂಟ, ಬಿಸಿಲು ಇಳಿದ ಮೇಲೆ ಒಂದು ಕೂಟ. ಐದನೆಯ ದಿನ ಹೊಸದಾಗಿ ಹಾಡಲು ಬಂದವರಲ್ಲಿ ಒಬ್ಬರಿಗೆ ಶಾಲು ಹೊದಿಸುತ್ತಿದ್ದರು. ಅದು ಯಾರಿಗೆ ಎಂದು ಹೇಳಲು ಮೂವರು ಹಿರಿಯರು ಎದುರಿಗೆ ಕೂರುತ್ತಿದ್ದರು. ಮೂವರೂ ಹೌದು ಎಂದರೆ ಮಾತ್ರ ಶಾಲು. ಆ ಮೂವರಲ್ಲಿ ಕಂಚುಗಾರ ಒಬ್ಬ.

ಈಗ ಅವನ ಕೊರತೆ ಹೇಳುತ್ತೇನೆ, ಇತ್ತ ಸರಿ. ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ನಲವತ್ತು ವರ್ಷ ಕಂಚಿನ ಮೇಲೆ ಸುತ್ತಿಗೆ ಬಡಿದವನ ಕಿವಿ ಉಳಿಯುತ್ತದೆಯೇ? ಉಳಿದಿರಲಿಲ್ಲ. ತಾಳ ಹೇಗೆ ಕೂಡಿಸುತ್ತಿದ್ದ ಎಂದರೆ, ಬಟ್ಟಲಿಗೆ ಒಂದು ಪೆಟ್ಟು ಕೊಟ್ಟು ಅದರ ಅಂಚನ್ನು ಹಲ್ಲಿಗೆ ಹಿಡಿಯುತ್ತಿದ್ದ. ನಡುಕ ಹಲ್ಲಿನಿಂದ ತಲೆಗೆ ಏರುತ್ತಿತ್ತು. ನೋಡಿದವರು ಅದು ಕಸುಬಿನ ಗುಟ್ಟು ಎಂದುಕೊಂಡು ಕೈ ಮುಗಿಯುತ್ತಿದ್ದರು. ಎದುರು ನಿಂತವರ ದಿನಬಳಕೆಯ ಸಣ್ಣ ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದ; ಉದ್ದದ ಮಾತಾದರೆ ಕಿವಿಗೆ ಬಾಯಿಟ್ಟು ಕೂಗಬೇಕಿತ್ತು. ಹೀಗೆ ಹಿಡಿದು ಹಿಡಿದು, ತನಗೆ ಕಿವಿ ಸ್ವಲ್ಪ ಮಂದ, ಅಷ್ಟೇ ಎಂದು ಅವನೇ ನಂಬಿಬಿಟ್ಟಿದ್ದ. 

ಆದರೆ ಹಾಡನ್ನು ತುಟಿ ನೋಡಿ ಹಿಡಿಯಲು ಬರುವುದಿಲ್ಲ, ಹಲ್ಲಿಗೆ ಹಿಡಿಯಲು ಹಾಡುಗಾರ ಬಿಡುವುದಿಲ್ಲ. ಅಲ್ಲಿ ಅವನಿಗೆ ಕಿವಿಯಾದವಳು ಹೆಂಡತಿ. ಅವಳು ಹೆಂಗಸರ ಸಾಲಿನಲ್ಲಿ ಅವನಿಗೆ ನೇರ ಎದುರಾಗಿ ಕೂರುವಳು. ಹಾಡು ಸರಿಯಾಗಿ ನಡೆದರೆ ಸೆರಗು ಹೊದೆಯುವಳು. ತಪ್ಪಿದರೆ ಮೂಗಿನ ನತ್ತು ಮುಟ್ಟುವಳು. ಅದನ್ನು ನೋಡಿ ಅವನು ತಲೆದೂಗುವನು, ಇಲ್ಲವೇ ಹುಬ್ಬು ಗಂಟಿಕ್ಕುವನು. ಮುದುಕ ಕೂಟ ಮುಗಿಯುವ ತನಕ ಹೆಂಗಸರ ಕಡೆಯಿಂದ ಕಣ್ಣು ಕೀಳುವುದಿಲ್ಲ ಎಂದು ಅರಿಯದವರು ಆಡಿಕೊಂಡರು. ಆಡಿಕೊಂಡರೆ ಆಡಿಕೊಳ್ಳಲಿ ಎಂದು ಅವಳು ಸುಮ್ಮನಿದ್ದಳು. ಹೆಂಗಸರ ಚಟ ಎಂಬ ಹೆಸರಿನಲ್ಲಿ ಬದುಕಬಹುದು. ಕಿವುಡ ಎಂಬ ಹೆಸರು ಬಂದರೆ ಹಿರಿಯರ ಸಾಲಿನ ಜಾಗ ಹೋಗುತ್ತದೆ, ಅದರ ಹಿಂದೆಯೇ ಅಂಗಡಿ ಹೋಗುತ್ತದೆ. ಕಿವುಡ ಕೂಡಿಸಿದ ತಾಳವನ್ನು ಯಾರು ಕೊಳ್ಳುತ್ತಾರೆ?

ಸೆರಗಿನಲ್ಲಿ ಎಷ್ಟು ಹೇಳಲಾದೀತು? ಆದ್ದರಿಂದ ಪ್ರತಿ ಕೂಟ ಮುಗಿದ ಮೇಲೆ ಇಬ್ಬರೂ ಬಿಡದಿಗೆ ಹೋಗಿ ಕದ ಹಾಕಿಕೊಳ್ಳುವರು. ಯಾರು ಎಲ್ಲಿ ಜಾರಿದರು, ಯಾರು ಎಲ್ಲಿ ಏರಿದರು ಎಂದು ಅವಳು ಅವನ ಕಿವಿಗೆ ಬಾಯಿಟ್ಟು ಗಂಟಲು ಹರಿಯುವಂತೆ ಕೂಗಿ ಹೇಳುವಳು. ಬಿಡದಿ ಎಂದರೆ ಹೊಳೆ ದಂಡೆಯ ಕಲ್ಲಿನ ಛತ್ರ. ಮೊಳ ದಪ್ಪದ ಗೋಡೆ. ಹತ್ತು ವರ್ಷ ಹಾಗೆಯೇ ನಡೆಯಿತು.

ಹನ್ನೊಂದನೆಯ ವರ್ಷ ಛತ್ರದ ತೊಲೆ ಬಿರುಕು ಬಿಟ್ಟು ಅದಕ್ಕೆ ಬೀಗ ಬಿತ್ತು. ಬಂದವರೆಲ್ಲ ಮರಳಿನ ಮೇಲೆ ಡೇರೆ ಹಾಕಿಕೊಳ್ಳಬೇಕು ಎಂದು ಸುದ್ದಿ ಬಂತು.

ಹೆಂಡತಿ ಹೇಳಿದಳು: “ರೀ, ಈ ವರ್ಷ ಹೋಗುವುದು ಬೇಡ. ಹೊಟ್ಟೆನೋವು ಅಂತ ಹೇಳಿ ಕಳಿಸೋಣ.”

“ಒಂದು ವರ್ಷ ಹೊಟ್ಟೆನೋವು. ಮುಂದಿನ ವರ್ಷ?” ಎಂದ ಅವನು. “ಮಾತು ಹೊರಗೆ ಬಿಡದಂಥ ಡೇರೆ ತರುತ್ತೇನೆ. ನೀನು ಬುತ್ತಿ ಕಟ್ಟು.”

ಅವಳನ್ನು ಕರೆದುಕೊಂಡು ಹೋಗಲಿಲ್ಲ. ಡೇರೆ ಕೊಳ್ಳಲು ಹೆಂಡತಿ ಯಾಕೆ ಎಂದು ಬೀದಿಯವರು ಕೇಳಿದರೆ ಏನು ಹೇಳುವುದು? ಗುಟ್ಟು ಇಟ್ಟುಕೊಂಡವನ ಬುದ್ಧಿ ಹೀಗೆಯೇ ಓಡುತ್ತದೆ.

ಡೇರೆಯ ವ್ಯಾಪಾರಿ ಮೂರು ಡೇರೆ ತೋರಿಸಿದ. ಮೊದಲನೆಯದು ಎರಡು ಪದರದ್ದು, ನಡುವೆ ಕಂಬಳಿ ಹೊಲಿದದ್ದು. ಅದರ ಬೆಲೆ ಕೊಡಬೇಕಾದರೆ ಕಂಚುಗಾರ ತಿದಿ, ಅಡಿಗಲ್ಲು ಸಹಿತ ಅಂಗಡಿ ಮಾರಬೇಕು. ಎರಡನೆಯದು ಮೇಣ ಹಚ್ಚಿದ ದಪ್ಪ ಬಟ್ಟೆಯದು. ಕಂಚುಗಾರ ಒಳಗೆ ಹೋಗಿ ಒಂದು ಗಳಿಗೆ ನಿಂತು, ಹಬೆಯಲ್ಲಿ ಬೆಂದ ಕಡುಬಿನ ಹಾಗೆ ಹೊರಗೆ ಬಂದ. ಮಳೆಗಾಲಕ್ಕೆ ಸರಿ, ಬೇಸಿಗೆಗೆ ಅಲ್ಲ. ಮೂರನೆಯದು ಬರೀ ನೂಲಿನದು. ಗಾಳಿ ಆಡುತ್ತದೆ, ಒಬ್ಬನೇ ಹೆಗಲ ಮೇಲೆ ಹೊರಬಹುದು, ಬೆಲೆಯೂ ಕೈಗೆ ಎಟಕುವಂಥದ್ದು.

ಕಂಚುಗಾರ ಹೇಳಿದ: “ಇದು ಆದೀತು. ಆದರೆ ಒಳಗೆ ಆಡಿದ ಮಾತು ಹೊರಗೆ ಬರಬಾರದು. ನೀನು ಒಳಗೆ ಹೋಗಿ ಕೂಗು. ನಾನು ಹೊರಗೆ ನಿಂತು ಪರೀಕ್ಷೆ ಮಾಡುತ್ತೇನೆ.”

ಆ ಸೀಮೆಗೇ ಹೆಸರಾದ ಕಿವಿ. ಆ ಕಿವಿ ಪರೀಕ್ಷೆ ಮಾಡುತ್ತೇನೆ ಎಂದರೆ ಬೇಡ ಎನ್ನಲು ವ್ಯಾಪಾರಿ ಯಾರು? ಒಳಗೆ ಹೋದ. “ಕೇಳುತ್ತದೆಯೇ?” ಎಂದು ಕೂಗಿದ. ಒಳಗಿನವನ ತುಟಿ ಹೊರಗಿನವನಿಗೆ ಕಾಣುವುದಿಲ್ಲವಲ್ಲ? ಕಂಚುಗಾರ ಬಟ್ಟೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತಿದ್ದ. “ಕೂಗು ಮಾರಾಯ, ಯಾಕೆ ಸುಮ್ಮನೆ ನಿಂತೆ?” ಎಂದ.

ವ್ಯಾಪಾರಿ ಇನ್ನೂ ಜೋರಾಗಿ ಕೂಗಿದ. ಪಕ್ಕದ ಅಂಗಡಿಯವರು ಹೊರಗೆ ಬಂದರು.

“ಕೂಗೋ! ಹೆಂಡತಿಗೂ ಹೇಳದಂಥ ಮಾತು ಕೂಗು. ಹಾಗಾದರೆ ಗಂಟಲು ಬಿಚ್ಚುತ್ತದೆ.”

ವ್ಯಾಪಾರಿಗೆ ಸಿಟ್ಟು ಬಂತು. “ಈ ಬಟ್ಟೆ ನೀರು ಹೊಕ್ಕ ಉಗ್ರಾಣದ ಮಾಲು! ನಾನು ಹೇಳಿದ ಬೆಲೆಯಲ್ಲಿ ಅರ್ಧಕ್ಕೂ ಇದು ಬಾಳುವುದಿಲ್ಲ!” ಎಂದು ಕಿರುಚಿದ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಜನ ತಿರುಗಿ ನೋಡಿದರು. ಒಬ್ಬಳು ಸೊಪ್ಪು ಮಾರುವವಳು ಬುಟ್ಟಿ ಕೆಳಗಿಟ್ಟು ನಿಂತಳು.

ಕಂಚುಗಾರ ಕಣ್ಣು ತೆರೆದ. ಮುಖ ಅರಳಿತ್ತು. “ಒಂದು ಮಾತೂ ಹೊರಗೆ ಬರಲಿಲ್ಲ. ಇಂಥ ಬಟ್ಟೆ ನಾನು ಕಂಡದ್ದೇ ಇಲ್ಲ. ಇದನ್ನೇ ಕಟ್ಟು.”

ವ್ಯಾಪಾರಿ ಡೇರೆಯೊಳಗಿಂದ ತಲೆ ಹೊರಗೆ ಹಾಕಿದವನು ಹಾಗೆಯೇ ನಿಂತ. ಅವನಿಗೆ ಎಲ್ಲ ಗೊತ್ತಾಯಿತು. ಅರ್ಧ ಬೆಲೆಗೆ ಕೊಟ್ಟ. ಅಯ್ಯೋ, ಧರ್ಮ ಅಂತ ಅಲ್ಲ. ಬೀದಿಯೆಲ್ಲ ಕೇಳಿಸಿಕೊಂಡ ಮೇಲೆ ಪೂರ್ತಿ ಬೆಲೆ ಕೇಳಲು ಬಾಯಿ ಎಲ್ಲಿತ್ತು?

ಹೊಳೆಯ ಮರಳಿನಲ್ಲಿ ಡೇರೆ ಬಿಚ್ಚಿದಾಗ ಹೆಂಡತಿ ಬಟ್ಟೆಯ ಹಿಂದೆ ಕೈ ಇಟ್ಟು ನೋಡಿದಳು. ಐದೂ ಬೆರಳು ಎಣಿಸಲು ಬಂತು.

“ಇದು ಡೇರೆಯೋ, ಹಾಲು ಸೋಸುವ ಬಟ್ಟೆಯೋ?”

“ನಾನೇ ಪರೀಕ್ಷೆ ಮಾಡಿದ್ದೇನೆ. ಒಂದು ಮಾತೂ ಹೊರಗೆ ಬರುವುದಿಲ್ಲ.”

“ಯಾರ ಕಿವಿಯಿಂದ ಪರೀಕ್ಷೆ ಮಾಡಿದಿರಿ?”

ಅವನು ಬಹಳ ಹೊತ್ತು ಗೂಟ ಬಡಿಯುತ್ತಾ ಕೂತ. ತನಗೆ ಎಷ್ಟು ಕೇಳಿಸುವುದಿಲ್ಲ ಎಂಬುದು ಅವನಿಗೆ ಗೊತ್ತಾದದ್ದು ಆಗಲೇ. ಅವಳು ಆಮೇಲೆ ಒಂದು ಮಾತೂ ಬಯ್ಯಲಿಲ್ಲ. ಕಂಬಳಿ ತೆಗೆದಳು.

ಹೌದು, ಕಂಬಳಿ. ಮೊದಲ ಕೂಟ ಮುಗಿದು ನಡು ಮಧ್ಯಾಹ್ನ. ಮರಳು ಹಂಚಿನ ಹಾಗೆ ಕಾದಿತ್ತು. ಆ ಬಿಸಿಲಿನಲ್ಲಿ ಡೇರೆಯೊಳಗೆ ಗಂಡ ಹೆಂಡತಿ ಇಬ್ಬರೂ ಒಂದೇ ಕಂಬಳಿಯನ್ನು ತಲೆ ತುಂಬ ಹೊದ್ದು ಕೂತರು. ಅದರೊಳಗೆ ಅವಳು ಕೂಗಿದಳು. ಗಾಳಿಗೆ ಡೇರೆಯ ಬಾಗಿಲು ಹಾರಿತು. ಎದುರು ಡೇರೆಯ ಬಳೆಗಾರ್ತಿ ನೋಡಿದಳು. ಕಂಬಳಿ ಅಲುಗುತ್ತಿತ್ತು. ಆಮೇಲೆ ಅದರೊಳಗಿಂದ ಎಪ್ಪತ್ತರ ಮುದುಕ, ಅರವತ್ತರ ಮುದುಕಿ ಬೆವರಿನಲ್ಲಿ ತೊಯ್ದು, ಏದುಸಿರು ಬಿಡುತ್ತಾ ಹೊರಗೆ ಬಂದರು. ಬಳೆಗಾರ್ತಿ ಸಂಜೆಯ ಕೂಟಕ್ಕೆ ಮೊದಲು ಹದಿನೇಳು ಜನಕ್ಕೆ ಹೇಳಿದಳು. ಯಾರಿಗೂ ಹೇಳಬೇಡಿ ಎಂದು ಹದಿನೇಳು ಸಲವೂ ಹೇಳಿದಳು. ನಗಬೇಡ ಅಡಿವಯ್ಯ, ನಾನಿದ್ದರೂ ಅಷ್ಟೇ ಮಾಡುತ್ತಿದ್ದೆ.

ಆ ವರ್ಷ ಚಪ್ಪರದ ಖರ್ಚು ವಹಿಸಿದವನು ಒಬ್ಬ ಸಾಹುಕಾರ. ಆ ಉತ್ಸವಕ್ಕೆ ಹೊಸಬ. ಅವನ ಅಳಿಯ ಹೊಸ ಹಾಡುಗಾರರಲ್ಲಿ ಒಬ್ಬ. ಅಳಿಯನ ಹೆಗಲಿಗೆ ಶಾಲು ಬಿದ್ದೇ ಬೀಳುತ್ತದೆ ಎಂದು ಅವನು ಬಂಧುಗಳನ್ನೆಲ್ಲ ಕರೆಸಿದ್ದ. ಇನ್ನೊಬ್ಬಳು ಕುಂಬಾರರ ಹೆಣ್ಣುಮಗಳು. ಅವಳ ಡೇರೆ ಕಂಚುಗಾರನ ಡೇರೆಯ ಪಕ್ಕದಲ್ಲಿಯೇ ಇತ್ತು.

ಎರಡನೆಯ ದಿನ ಕಂಬಳಿಯೊಳಗೆ ಹೆಂಡತಿ ಕೂಗಿದಳು: “ಸಾಹುಕಾರನ ಅಳಿಯನ ದನಿ ಒಲೆಯ ಮೇಲೆ ಮರೆತ ಹಾಲು! ಏರುವುದೊಂದು ಕಾಣುತ್ತದೆ, ಆಮೇಲೆ ಎಲ್ಲ ಹೊರಗೆ! ಕುಂಬಾರತಿಯದು ಒಳ್ಳೆಯ ದನಿ! ಆದರೆ ಮೇಲಿನ ಷಡ್ಜಕ್ಕೆ ಹೋಗುವಾಗ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ನುಗ್ಗುತ್ತಾಳೆ! ಬಾಗಿಲಲ್ಲಿ ಒಂದು ಗಳಿಗೆ ನಿಲ್ಲಬೇಕು!”

ಮೂರನೆಯ ದಿನ ಕುಂಬಾರತಿ ಹಾಡಿದಳು. ಮೇಲಿನ ಷಡ್ಜದ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಒಳಗೆ ಹೋದಳು. ಹೆಂಡತಿಯ ಕೈ ಸೆರಗಿನ ಮೇಲೆಯೇ ನಿಂತುಹೋಯಿತು. ಡೇರೆಗೆ ಬಂದು ಸುತ್ತ ನೋಡಿದರೆ, ಮೊದಲ ದಿನ ಇಪ್ಪತ್ತು ಹೆಜ್ಜೆ ದೂರ ಇದ್ದ ಡೇರೆಗಳು ಈಗ ಐದು ಹೆಜ್ಜೆಗೆ ಬಂದಿದ್ದವು. ಹಾಡುಗಾರರ ಡೇರೆಗಳೇ ಎಲ್ಲ. ಒಬ್ಬರ ಹಗ್ಗ ಇನ್ನೊಬ್ಬರ ಗೂಟಕ್ಕೆ ಸುತ್ತಿಕೊಂಡಿತ್ತು.

ಅವಳು ಗಂಡನಿಗೆ ಹೇಳಲಿಲ್ಲ. ಹೇಳಬೇಕಾದರೆ ಕೂಗಬೇಕಲ್ಲ?

ಐದನೆಯ ದಿನ ಬೆಳಗಿನ ಕೂಟದ ಕೊನೆಗೆ ಮೂವರು ಹಿರಿಯರನ್ನು ಕೇಳಿದರು. ಇಬ್ಬರು ಸಾಹುಕಾರನ ಚಪ್ಪರವನ್ನು ಒಮ್ಮೆ ನೋಡಿ ಅಳಿಯನ ಹೆಸರು ಹೇಳಿದರು. ಕಂಚುಗಾರ ಎದ್ದು ನಿಂತ. “ಶಾಲು ಕುಂಬಾರತಿಗೆ ಸಲ್ಲಬೇಕು” ಎಂದು ಹೇಳಿ ಕೂತ. ಕೂತು ಎಂದಿನಂತೆ ಹೆಂಡತಿಯ ಕಡೆ ನೋಡಿದ.

ಸಾಹುಕಾರ ಎದ್ದ. ಒಲೆಯ ಮೇಲೆ ಮರೆತ ಹಾಲು ಎಂಬ ಮಾತು ಎರಡನೆಯ ದಿನದಿಂದ ಅವನ ಹೊಟ್ಟೆಯಲ್ಲಿ ಉಕ್ಕುತ್ತಿತ್ತು.

“ಮಹಾಜನರೇ! ಈ ಮುದುಕನಿಗೆ ಕಿವಿಯೇ ಕೇಳಿಸುವುದಿಲ್ಲ! ಹೆಂಡತಿ ಡೇರೆಯಲ್ಲಿ ಕೂಗಿ ಹೇಳಿಕೊಡುತ್ತಾಳೆ, ಇವನು ಇಲ್ಲಿ ಬಂದು ಒಪ್ಪಿಸುತ್ತಾನೆ. ನನ್ನ ಈ ಎರಡು ಕಿವಿಯಿಂದ ಕೇಳಿದ್ದೇನೆ!”

ಹೆಂಡತಿ ಸೆರಗೂ ಮುಟ್ಟಲಿಲ್ಲ, ನತ್ತೂ ಮುಟ್ಟಲಿಲ್ಲ. ಕಂಚುಗಾರ ಮಾತ್ರ ಏನೂ ಕೇಳಿಸದೆ ಸಾಹುಕಾರನಿಗೆ ಬೆನ್ನು ಹಾಕಿ, ನಸುನಗುತ್ತಾ ಕೂತಿದ್ದ.

ಆಗ ಆ ಉತ್ಸವದ ಎಲ್ಲರಿಗಿಂತ ಹಿರಿಯ ಹಾಡುಗಾರ, ಏಕತಾರಿ ಹಿಡಿದ ಒಬ್ಬ ಮುದುಕ, ಕೂತಲ್ಲಿಂದಲೇ ಹೇಳಿದ:

“ಹೌದು ಸಾಹುಕಾರರೇ. ಮುಂದೆ ಹೇಳಿ.”

“ಮುಂದೆ ಏನು ಹೇಳಲಿ? ಇವನು ಕಿವುಡ!”

“ಅದು ನಮಗೆ ಗೊತ್ತು. ಹೊಸ ಸುದ್ದಿ ಏನಾದರೂ ಇದ್ದರೆ ಹೇಳಿ.”

ಸಾಹುಕಾರ ತನ್ನ ಬಂಧುಗಳ ಕಡೆ ತಿರುಗಿ ನೋಡಿದ.

ಮುದುಕ ಹೇಳಿದ: “ಛತ್ರದ ಆ ಕೋಣೆಗೆ ಮೇಲೊಂದು ಬೆಳಕಿಂಡಿ ಇದೆ. ಅದರ ಆಚೆ ಬಚ್ಚಲ ಮೋರಿ. ಹತ್ತು ವರ್ಷ ನಾವು ಹಾಡುಗಾರರೆಲ್ಲ ಕೂಟ ಮುಗಿದ ಕೂಡಲೇ ಓಡಿಹೋಗಿ ಆ ಮೋರಿಯಲ್ಲಿ ಕಾಲಿಟ್ಟು ನಿಲ್ಲುತ್ತಿದ್ದೆವು. ಈ ತಾಯಿ ಹೇಳಿದ್ದನ್ನು ಕೇಳಿ ಕೇಳಿ ನಾವು ಹಾಡು ತಿದ್ದಿಕೊಂಡೆವು. ನಾನೂ ತಿದ್ದಿಕೊಂಡಿದ್ದೇನೆ, ಈ ವಯಸ್ಸಿನಲ್ಲಿ. ನಾನು ಮೂಗಿನಲ್ಲಿ ಹಾಡುತ್ತೇನೆ ಎಂದು ಅರವತ್ತು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಈ ವರ್ಷ ದೇವರು ಇವರಿಗೆ ತೆಳು ಬಟ್ಟೆಯ ಡೇರೆ ಕೊಡಿಸಿದ. ನಮ್ಮ ಕಾಲು ಒಣಗಿದವು.”

ಮೊದಲು ಬಳೆಗಾರ್ತಿ ನಕ್ಕಳು. ಆಮೇಲೆ ಹಿಂದಿನ ಸಾಲು ನಕ್ಕಿತು. ಹಿರಿಯರ ಸಾಲಿನ ಇಬ್ಬರು ತಲೆ ತಗ್ಗಿಸಿ, ಶಾಲು ಕುಂಬಾರತಿಗೇ ಆಗಲಿ ಎಂದರು. ಜನ ಎಲ್ಲರೂ ನಗುವುದನ್ನು ಕಂಡು ಕಂಚುಗಾರ ಹೆಂಡತಿಯನ್ನು ಕೇಳಿದ: “ಏನಂತೆ?”

ಅವಳು ಹೆಂಗಸರ ಸಾಲಿನಿಂದ ಎದ್ದಳು. ಎಲ್ಲರ ನಡುವೆ ನಡೆದುಬಂದು ಅವನ ಪಕ್ಕದಲ್ಲಿ ಕೂತಳು. ಹತ್ತು ವರ್ಷದಲ್ಲಿ ಮೊದಲ ಸಲ, ಬಯಲಿನಲ್ಲಿ, ಅವನ ಕಿವಿಗೆ ಬಾಯಿಟ್ಟು ಕೂಗಿದಳು:

“ಎಲ್ಲರಿಗೂ ಗೊತ್ತಂತೆ ರೀ!”

“ಏನು ಗೊತ್ತಂತೆ?”

“ನಿಮಗೆ ಕಿವಿ ಕೇಳಿಸುವುದಿಲ್ಲ ಅಂತ! ಹತ್ತು ವರ್ಷದಿಂದ ಗೊತ್ತಂತೆ!”

ಕಂಚುಗಾರ ಜನರನ್ನು ನೋಡಿದ. ಯಾರೂ ಎದ್ದು ಹೋಗಿರಲಿಲ್ಲ. ಅವನ ಜಾಗದಲ್ಲಿ ಅವನೇ ಕೂತಿದ್ದ. ಹೆಂಡತಿಯ ಕಡೆ ತಿರುಗಿ ಕೇಳಿದ:

“ಹಾಗಾದರೆ ಈ ಬಿಸಿಲಿನಲ್ಲಿ ಆ ಕಂಬಳಿ ಯಾಕೆ ಹೊದ್ದೆವು?”

ಅವ್ವ ಇಲ್ಲಿಗೆ ನಿಲ್ಲಿಸಿ ಮಡಿಲಿನ ಹುಣಸೆಬೀಜ ಕೊಡವಿದರು.

“ಆಮೇಲೆ ಅವರೇನು ಮಾಡಿದರು ಅವ್ವ?” ಎಂದು ಕೇಳಿದ ಅಡಿವಯ್ಯ.

“ಏನು ಮಾಡುತ್ತಾರೆ? ಹಿರಿಯರ ಸಾಲಿಗೆ ಇನ್ನೊಂದು ಮಣೆ ಹಾಕಿಸಿದರು, ಅವಳಿಗೆ. ತಾಳ ಮೊದಲಿನಂತೆಯೇ ಮಾರಾಟವಾದವು. ಅದೇ ಡೇರೆಯನ್ನು ಮತ್ತೆ ಹನ್ನೆರಡು ಬೇಸಿಗೆ ಹೆಗಲ ಮೇಲೆ ಹೊತ್ತುಕೊಂಡು ಹೋದ. ಅಗ್ಗದ್ದು, ಹಗುರದ್ದು, ಒಳಗೆ ಗಾಳಿ ಬೇರೆ. ಕಂಬಳಿ ಚಳಿಗಾಲಕ್ಕೆ ಉಳಿಯಿತು.”

ಅಡಿವಯ್ಯ ಕೆಂಪು ವಸ್ತ್ರದ ಗಂಟು ಬಿಚ್ಚಿದ. ಮತ್ತೆ ಕಟ್ಟಿದ. ಅವನ ದನಿ ಸಣ್ಣದಾಗಿತ್ತು.

“ಹಾಗಾದರೆ ನಮ್ಮ ಕಡೆಯವನಿಗೆ ಏನು ಹೇಳಲಿ ಅವ್ವ?”

ಸುತ್ತ ಕೂತ ಜನ ಯಾರೂ ತಲೆ ಎತ್ತಲಿಲ್ಲ. ಅವ್ವ ಹೊತ್ತಗೆಯ ಕಡೆ ಕೈ ತೋರಿಸಿ ಹೇಳಿದರು:

“ಗೆದ್ದಲು ಹಿಡಿಯಿತೆಂದು ಇದರ ಕೊನೆಯ ಹದಿನಾರು ಹಾಳೆಗಳನ್ನು ನಾನೇ ಕಿತ್ತು ಒಲೆಗೆ ಹಾಕಿ ಮೂರು ವರ್ಷವಾಯಿತು, ಇಲ್ಲದ ಆ ಹಾಳೆಗಳನ್ನೂ ಅವನು ಒಂದಕ್ಷರ ತಪ್ಪದೆ ಓದುತ್ತಾನೆ, ನಾವೂ ಕೂತು ಕೇಳುತ್ತೇವೆ ಎಂದು ಹೇಳು.”